ಅಮೆರಿಕದ ಪ್ರಶ್ನಾವಳಿಯಲ್ಲಿ ನಮ್ಮ ಮಕ್ಕಳ ಭರವಸೆ ಅಳೆಯಬಹುದಾ?

ನಿಮ್ಮ ಪ್ರಶ್ನೆ ಇದು, ಅಲ್ವಾ? ಎಂ.ಎಡ್. ಪ್ರಬಂಧಕ್ಕೆ ಎಂಟು, ಒಂಬತ್ತನೇ ತರಗತಿ ಮಕ್ಕಳ ಭರವಸೆ ಅಳೆಯಬೇಕು. ಸ್ನೈಡರ್ ಅವರ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು, ಬಂದ ಅಂಕವನ್ನು ಅಮೆರಿಕದ ಮಕ್ಕಳ ಸರಾಸರಿ ಜೊತೆ ಹೋಲಿಸಬಹುದಾ ಎಂದು ಕೇಳಿದ್ದೀರಿ. ಧಾರಾಳವಾಗಿ ಅಳೆಯಿರಿ. ಹೋಲಿಕೆ ಮಾತ್ರ ಬೇಡ. ಇಂಥ ಸರ್ವೆಗಳಿಗೆ ಶಾಲೆಗಳಲ್ಲಿ ಕೂತು ಫಾರಂ ತುಂಬಿಸಿದ ಅನುಭವ ನನಗಿದೆ. ಅದರ ಮೇಲೆಯೇ ಹೇಳುತ್ತೇನೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಸಿ. ಆರ್. ಸ್ನೈಡರ್ ಮತ್ತು ಅವರ ತಂಡ 1997ರಲ್ಲಿ 'ಚಿಲ್ಡ್ರನ್ಸ್ ಹೋಪ್ ಸ್ಕೇಲ್' ತಂದರು. 8ರಿಂದ 16 ವರ್ಷದವರಿಗೆ. ಇರುವುದು ಆರೇ ವಾಕ್ಯ. ಮೂರು ವಾಕ್ಯ 'ನನ್ನಿಂದ ಆಗುತ್ತೆ' ಎನ್ನುವ ಛಲದ ಬಗ್ಗೆ, ಇನ್ನು ಮೂರು 'ದಾರಿ ಹುಡುಕಿಕೊಳ್ಳುತ್ತೇನೆ' ಎನ್ನುವುದರ ಬಗ್ಗೆ. ಒಂದೊಂದಕ್ಕೂ 1ರಿಂದ 6 ಅಂಕ, ಒಟ್ಟು 6ರಿಂದ 36. ಚಿಕ್ಕದು, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಅದಕ್ಕೇ ಎಲ್ಲರಿಗೂ ಇಷ್ಟ.

ಈಗ ಅದರ ಮೂರನೇ ವಾಕ್ಯ ನೋಡಿ. ನನ್ನ ವಯಸ್ಸಿನ ಬೇರೆ ಮಕ್ಕಳಷ್ಟೇ ನಾನೂ ಚೆನ್ನಾಗಿ ಮಾಡುತ್ತಿದ್ದೇನೆ ಎಂಬ ಅರ್ಥದ್ದು. ಒಂದು ಸರ್ಕಾರಿ ಶಾಲೆಯಲ್ಲಿ ಇದನ್ನು ಓದಿ ಹೇಳಿದಾಗ ಒಬ್ಬ ಹುಡುಗಿ ಪೆನ್ನು ಎತ್ತಿಕೊಂಡೇ ಕೇಳಿದಳು: 'ಯಾರಷ್ಟು ಸರ್? ನಮ್ಮ ಕ್ಲಾಸಿನವರಷ್ಟಾ, ಕಾನ್ವೆಂಟಿನವರಷ್ಟಾ?' ಫಾರಂನಲ್ಲಿ ಅದಕ್ಕೆ ಉತ್ತರ ಇಲ್ಲ. ಕ್ಲಾಸಿನವರ ಜೊತೆ ಹೋಲಿಸಿಕೊಂಡರೆ ಅವಳು 5 ಹಾಕುತ್ತಿದ್ದಳು, ಕಾನ್ವೆಂಟಿನವರ ಜೊತೆ ಆದರೆ 2. ಮಗು ಅದೇ, ದಿನ ಅದೇ. ಪ್ರತಿ ಮಗುವೂ ತನ್ನ ಸುತ್ತ ಕಾಣುವವರ ಜೊತೆ ತಾನೇ ಹೋಲಿಸಿಕೊಳ್ಳುವುದು? ಅಮೆರಿಕದ ಕ್ಯಾನ್ಸಾಸ್‌ನ ಮಗುವಿನ ಸುತ್ತ ಇರುವವರೇ ಬೇರೆ, ಕೊಪ್ಪಳದ ಮಗುವಿನ ಸುತ್ತ ಇರುವವರೇ ಬೇರೆ. ಇಬ್ಬರೂ 24 ತೆಗೆದುಕೊಂಡರೆ ಇಬ್ಬರ ಭರವಸೆಯೂ ಒಂದೇ ಎನ್ನಲು ಬರುವುದಿಲ್ಲ. ಹಿಂದೆ ಊರೂರಿಗೆ ಸೇರಿನ ಅಳತೆ ಬೇರೆ ಇತ್ತಲ್ಲ, ಹಾಗೇ ಇದು.

ಎರಡನೆಯದು, ಉತ್ತರ ಕೊಡುವ ರೂಢಿ. 1995ರಲ್ಲಿ ಚೆನ್, ಲೀ, ಸ್ಟೀವನ್ಸನ್ ಎಂಬ ಸಂಶೋಧಕರು ಜಪಾನ್, ತೈವಾನ್, ಕೆನಡಾ, ಅಮೆರಿಕದ ಹೈಸ್ಕೂಲ್ ವಿದ್ಯಾರ್ಥಿಗಳ ಉತ್ತರಗಳನ್ನು ಹೋಲಿಸಿ ನೋಡಿದರು. ಜಪಾನ್, ತೈವಾನ್ ಮಕ್ಕಳು ನಡುವಿನ ಅಂಕವನ್ನು ಜಾಸ್ತಿ ಆರಿಸುತ್ತಿದ್ದರು, ಅಮೆರಿಕದವರು ತುದಿಯ ಅಂಕಗಳನ್ನು. ಹಲವು ದೇಶಗಳ ವಿದ್ಯಾರ್ಥಿಗಳ ಕಲಿಕೆ ಅಳೆಯುವ ಪೀಸಾ ಸರ್ವೆಯಲ್ಲಿ, 2015ರಲ್ಲಿ, 15 ವರ್ಷದವರು ತಮ್ಮ ಬದುಕಿನ ತೃಪ್ತಿಗೆ 0ರಿಂದ 10ರೊಳಗೆ ಅಂಕ ಕೊಟ್ಟಿದ್ದರು. ಸರಾಸರಿ 7.3. ಮೆಕ್ಸಿಕೋ 8.3, ದಕ್ಷಿಣ ಕೊರಿಯಾ 6.4. ಕೊರಿಯಾದ ಮಕ್ಕಳಿಗೆ ಓದಿನ ಒತ್ತಡ ವಿಪರೀತ, ಅದು ಸುಳ್ಳಲ್ಲ. ಆದರೆ ಈ ಅಂತರದಲ್ಲಿ ಒತ್ತಡದ ಪಾಲೆಷ್ಟು, ಹತ್ತಕ್ಕೆ ಹತ್ತು ಹಾಕಲು ಮುಜುಗರಪಡುವ ಸ್ವಭಾವದ ಪಾಲೆಷ್ಟು? ಸರಾಸರಿ ನೋಡಿ ಅದನ್ನು ಹೇಳಲಾಗದು. ಪತ್ರಿಕೆಗಳು ಮಾತ್ರ ರ‍್ಯಾಂಕ್ ಪಟ್ಟಿ ಹಾಕಿ ಕೈತೊಳೆದುಕೊಳ್ಳುತ್ತವೆ.

ನಮ್ಮಲ್ಲಿ ಇನ್ನೊಂದು ರೂಢಿ ಇದೆ, ನಿಮಗೂ ಗೊತ್ತಿರುತ್ತದೆ. ಮೇಷ್ಟ್ರು ಹಿಂದೆ ನಿಂತಿದ್ದರೆ ಇಡೀ ಕ್ಲಾಸು 6 ಹಾಕುತ್ತದೆ. ಪರೀಕ್ಷೆ ಎಂದುಕೊಂಡು ಪಕ್ಕದವರದ್ದು ನೋಡಿ ಬರೆಯುವವರೂ ಇರುತ್ತಾರೆ. ನಿಮ್ಮ ಶಾಲೆಯ ಮಕ್ಕಳಿಂದ ನೀವೇ ಫಾರಂ ತುಂಬಿಸಬೇಡಿ. ಬೇರೆಯವರನ್ನು ಕೂರಿಸಿ.

ಇದಕ್ಕಿಂತ ಆಳದ ತೊಡಕೊಂದಿದೆ. ಸ್ನೈಡರ್ ವಾಕ್ಯಗಳಲ್ಲೆಲ್ಲ 'ನಾನು', 'ನನಗೆ'. ಫಿಲಿಪ್ಪೀನ್ಸ್‌ನ ಅಲನ್ ಬರ್ನಾರ್ಡೊ 2010ರಲ್ಲಿ ಇದನ್ನೇ ಎತ್ತಿಕೊಂಡರು. ಗುರಿ ಮುಟ್ಟುವ ದಾರಿ ಕಾಣುವುದು ನನ್ನೊಳಗಿನಿಂದ ಮಾತ್ರವಲ್ಲ, ಮನೆಯವರಿಂದ, ಗೆಳೆಯರಿಂದ, ದೇವರಿಂದ ಕೂಡ ಎಂದು ಆ ಭಾಗಗಳನ್ನೂ ಸೇರಿಸಿ ಬೇರೆ ಪ್ರಶ್ನಾವಳಿ ಮಾಡಿದರು. ನನಗಂತೂ ಇದು ನಮ್ಮ ಮಕ್ಕಳಿಗೆ ಹೆಚ್ಚು ಹತ್ತಿರ ಅನ್ನಿಸುತ್ತದೆ. 'ಪಿಯುಸಿಗೆ ಮಾವ ಸೇರಿಸ್ತಾರೆ' ಎಂದು ನೆಮ್ಮದಿಯಿಂದ ಹೇಳುವ ಹುಡುಗ ಸ್ನೈಡರ್ ಅಳತೆಯಲ್ಲಿ ಕಡಿಮೆ ಭರವಸೆಯವನಾಗಿ ಕಾಣಬಹುದು. ನಿಜವಾಗಿ ಹಾಗಿರಬೇಕೆಂದಿಲ್ಲ.

ಹಾಗಾದರೆ ಪ್ರಬಂಧದಲ್ಲಿ ಏನು ಮಾಡುವುದು? ನಿಮ್ಮ ಮಕ್ಕಳನ್ನು ಅವರವರಲ್ಲೇ ಹೋಲಿಸಿ. ಹಾಸ್ಟೆಲ್ ಮಕ್ಕಳು ಮತ್ತು ಮನೆಯಿಂದ ಬರುವವರು, ಹುಡುಗರು ಮತ್ತು ಹುಡುಗಿಯರು, ಜೂನ್ ಮತ್ತು ಫೆಬ್ರವರಿ. ಭರವಸೆಗೂ ಹಾಜರಿಗೂ ನಂಟಿದೆಯೇ ನೋಡಿ. ಇಲ್ಲೂ ಎರಡು ಗುಂಪಿನವರು ಪ್ರಶ್ನೆಗಳನ್ನು ಒಂದೇ ರೀತಿ ಅರ್ಥ ಮಾಡಿಕೊಂಡಿದ್ದಾರಾ ಎಂದು ಪರೀಕ್ಷಿಸಬೇಕು. ಅದಕ್ಕೆ ಮೆಷರ್‌ಮೆಂಟ್ ಇನ್‌ವೇರಿಯನ್ಸ್ ಎನ್ನುತ್ತಾರೆ. ನಿಮ್ಮ ಗೈಡ್ ಆಲ್ಫಾ (ವಾಕ್ಯಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಹೇಳುವ ಅಂಕಿ) ಒಂದೇ ಸಾಕು ಎಂದರೆ ಒಪ್ಪಬೇಡಿ. ಮಕ್ಕಳ ನೆಮ್ಮದಿಯ ಬಗ್ಗೆ 35 ದೇಶಗಳ 'ಚಿಲ್ಡ್ರನ್ಸ್ ವರ್ಲ್ಡ್ಸ್' ಸರ್ವೆ ಇದೆ, ಭಾರತವೂ ಅದರಲ್ಲಿತ್ತು. ಅಂಥ ದೊಡ್ಡ ಸರ್ವೆಯ ದತ್ತಾಂಶದ ಮೇಲೆ ಕೆಲಸ ಮಾಡಿದವರೂ ದೇಶಗಳ ಸರಾಸರಿ ಹೋಲಿಸಲು ಹಿಂಜರಿಯುತ್ತಾರೆ. ಭರವಸೆಗೂ ಹಾಜರಿಗೂ ಇರುವಂಥ ನಂಟನ್ನು ಹೋಲಿಸುವುದು ಅಷ್ಟು ಅಪಾಯವಲ್ಲ.

ಅನುವಾದವನ್ನು ಇನ್ನೊಬ್ಬರ ಕೈಯಲ್ಲಿ ತಿರುಗಿ ಇಂಗ್ಲಿಷಿಗೆ ಮಾಡಿಸಿ ನೋಡುವುದು ಎಲ್ಲರಿಗೂ ಗೊತ್ತು. ಅಷ್ಟಕ್ಕೇ ನಿಲ್ಲಬೇಡಿ. ನಾಲ್ಕೈದು ಮಕ್ಕಳ ಜೊತೆ ಒಬ್ಬೊಬ್ಬರಾಗಿ ಕೂತು 'ಇದಕ್ಕೆ 3 ಯಾಕೆ ಹಾಕಿದೆ?' ಎಂದು ಕೇಳಿ. ಆ ಹುಡುಗಿಯಂಥ ಪ್ರಶ್ನೆಗಳು ಹೊರಬರುವುದು ಆಗಲೇ.

ಫಾರಂ ಮೇಲೆ ಹೆಸರು ಬೇಡ, ಕೋಡ್ ನಂಬರ್ ಹಾಕಿ, ಯಾವ ನಂಬರ್ ಯಾರದ್ದು ಎಂಬ ಪಟ್ಟಿ ನಿಮ್ಮ ಹತ್ತಿರ ಮಾತ್ರ ಇರಲಿ. ಯಾಕೆಂದರೆ ಆರಕ್ಕೆ ಆರೂ 1 ಹಾಕಿದ ಮಗು ಸಿಕ್ಕೇ ಸಿಗುತ್ತದೆ. ಅದು ಬೇಜಾರಿಗೆ ಹಾಕಿದ್ದೋ, ನಿಜವಾಗಿ ಕಷ್ಟದಲ್ಲಿದೆಯೋ ಎಂದು ಯಾರಾದರೂ ಮಾತಾಡಿ ನೋಡಬೇಕು. ಯಾರು ಮಾತಾಡುವುದು, ಮನೆಯವರಿಗೆ ಹೇಗೆ ಹೇಳುವುದು ಎಂಬುದನ್ನು ಫಾರಂ ಹಂಚುವ ಮುಂಚೆಯೇ ಹೆಡ್‌ಮಾಸ್ಟರ್ ಜೊತೆ ಗೊತ್ತು ಮಾಡಿಕೊಳ್ಳಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416, ಮಕ್ಕಳ ಸಹಾಯವಾಣಿ 1098. ಎರಡನ್ನೂ ಬೋರ್ಡಿನ ಮೇಲೆ ಬರೆದೇ ಫಾರಂ ಕೊಡಿ.