ಆಫರ್ ಲೆಟರ್ ಇದ್ದರೆ ಪಿಆರ್ ಸಿಗುತ್ತಾ?

ಪ್ರಶ್ನೆ: ನನಗೆ 31 ವರ್ಷ. ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ. ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಏಳು ವರ್ಷದಿಂದ ಸಿಎನ್‌ಸಿ ಮಷಿನ್ ನಡೆಸುತ್ತಿದ್ದೇನೆ. ಒಬ್ಬ ಏಜೆಂಟ್ ಕೆನಡಾ ಕಂಪನಿಯ ಆಫರ್ ಲೆಟರ್ ತರಿಸಿಕೊಟ್ಟಿದ್ದಾರೆ, ನಕಲು ಕಳಿಸಿದ್ದೇನೆ. ಇದಿದ್ದರೆ ಪಿಆರ್ (ಅಲ್ಲಿ ಕಾಯಂ ನೆಲೆಸುವ ಅನುಮತಿ) ಅರ್ಜಿಗೆ 600 ಅಂಕ ಗ್ಯಾರಂಟಿ ಅಂತ ನಮ್ಮ ಭಾವನೂ ಹೇಳುತ್ತಾರೆ. ಏಜೆಂಟ್ ನಾಲ್ಕೂವರೆ ಲಕ್ಷ ಕೇಳುತ್ತಿದ್ದಾರೆ. ಕಟ್ಟಲಾ?
— ಓದುಗ, ವಿದ್ಯಾನಗರ, ದಾವಣಗೆರೆ

ಉತ್ತರ: ಕಟ್ಟಬೇಡಿ. ಉಳಿದದ್ದನ್ನು ಆಮೇಲೆ ಓದಿ.

ನಿಮ್ಮ ಭಾವ ಸುಳ್ಳು ಹೇಳುತ್ತಿಲ್ಲ, ಹಳೇದು ಹೇಳುತ್ತಿದ್ದಾರೆ. 2015ರಲ್ಲಿ ಎಕ್ಸ್‌ಪ್ರೆಸ್ ಎಂಟ್ರಿ, ಅಂದರೆ ಅಂಕ ನೋಡಿ ಪಿಆರ್‌ಗೆ ಕರೆಯುವ ಕೆನಡಾದ ವ್ಯವಸ್ಥೆ, ಶುರುವಾದಾಗ ಸರಿಯಾದ ಜಾಬ್ ಆಫರ್‌ಗೆ 600 ಅಂಕ ಇತ್ತು, ನಿಜ. 2016ರ ನವೆಂಬರ್‌ನಲ್ಲಿ ಅದು ದೊಡ್ಡ ಮ್ಯಾನೇಜರ್ ಹುದ್ದೆಗಳಿಗೆ 200, ಉಳಿದವರಿಗೆ 50 ಆಯಿತು. 2025ರ ಮಾರ್ಚ್ 25ರಿಂದ ರ‍್ಯಾಂಕಿಂಗ್‌ನಲ್ಲಿ ಅದಕ್ಕೆ ಸೊನ್ನೆ. ಏಜೆಂಟ್ ನಿಮಗೆ ಮಾರುತ್ತಿರುವುದು ಈ ಸೊನ್ನೆಯನ್ನೇ.

ಹಾಗಂತ ಆಫರ್ ಲೆಟರ್ ಪೂರ್ತಿ ವ್ಯರ್ಥ ಅಲ್ಲ. ಫೆಡರಲ್ ಸ್ಕಿಲ್ಡ್ ವರ್ಕರ್ ಎಂಬ ದಾರಿಯಲ್ಲಿ ಮೊದಲು ಬೇರೆಯೇ ಒಂದು ಲೆಕ್ಕ ಇದೆ: ನೂರಕ್ಕೆ 67 ಬಂದರೆ ಮಾತ್ರ ಒಳಗೆ ಪ್ರವೇಶ. ಅದರಲ್ಲಿ ಜಾಬ್ ಆಫರ್‌ಗೆ 10 ಅಂಕ ಈಗಲೂ ಇದೆ. ಆದರೆ ಆ ಆಫರ್ ವಾರಕ್ಕೆ ಕನಿಷ್ಠ 30 ಗಂಟೆಯ ಸಂಬಳದ ಕೆಲಸದ್ದಾಗಿರಬೇಕು. ಸೀಸನ್ ಕೆಲಸ ಆಗಬಾರದು. ಪಿಆರ್ ಸಿಕ್ಕ ಮೇಲೆ ಕನಿಷ್ಠ ಒಂದು ವರ್ಷ ಇರಬೇಕು. ನಿಮ್ಮಂತೆ ಊರಲ್ಲೇ ಕೂತವರಿಗೆ ಬರುವ ಆಫರ್‌ನ ಬೆನ್ನಿಗೆ ಸಾಮಾನ್ಯವಾಗಿ ಎಲ್‌ಎಂಐಎ ಇರಲೇಬೇಕು. ಅಂದರೆ, ಹೊರಗಿನವರನ್ನು ತೆಗೆದುಕೊಂಡರೆ ಕೆನಡಾದ ಕೆಲಸಗಾರರಿಗೆ ತೊಂದರೆ ಇಲ್ಲ ಅಂತ ಅಲ್ಲಿನ ಸರ್ಕಾರ ಮಾಲೀಕನಿಗೆ ಕೊಡುವ ಒಪ್ಪಿಗೆ. ಅದಕ್ಕೆ ಅರ್ಜಿ ಹಾಕಬೇಕಾದವನು ಮಾಲೀಕ, ನೀವಲ್ಲ. ತಾತ್ಕಾಲಿಕ ಕೆಲಸಗಾರರನ್ನು ಕರೆಸಿಕೊಳ್ಳಲು ಅವನು ಕಟ್ಟುವ ಸಾವಿರ ಡಾಲರ್ ಶುಲ್ಕವನ್ನು ಕೆಲಸಗಾರನ ತಲೆಗೆ ಹಾಕುವ ಹಾಗೂ ಇಲ್ಲ.

ಈಗ ನೀವು ಕಳಿಸಿದ ಕಾಗದ. ನಾನು 26 ವರ್ಷ ಒಂದು ಮಿಲ್ಲಿನ ಪರ್ಸನಲ್ ವಿಭಾಗದಲ್ಲಿ ಇಂಥ ಕಾಗದ ಟೈಪ್ ಮಾಡಿಯೇ ಹೊಟ್ಟೆ ಹೊರೆದವನು. ಕಣ್ಣು ಮೊದಲು ಹೋಗುವುದೇ ಮೂಲೆಗಳಿಗೆ. ದಿನಾಂಕ ಇಲ್ಲ. ಸಹಿಯ ಕೆಳಗೆ ಜಿಮೇಲ್ ವಿಳಾಸ. ಹುದ್ದೆ ‘ಸೂಪರ್‌ವೈಸರ್ ಕಮ್ ಟೆಕ್ನಿಷಿಯನ್’ ಅಂತಿದೆ, ಏನು ಕೆಲಸ ಮಾಡಬೇಕು ಅಂತ ಒಂದು ಸಾಲೂ ಇಲ್ಲ. ವಾರಕ್ಕೆ ಎಷ್ಟು ಗಂಟೆ? ಇಲ್ಲ. ಸಂಬಳದಲ್ಲಿ ಏನೇನು ಕಡಿತ? ಇಲ್ಲ. ಎಲ್‌ಎಂಐಎ ನಂಬರ್? ಅದೂ ಇಲ್ಲ. ‘ಊಟ ವಸತಿ ಫ್ರೀ, ಹದಿನೈದು ದಿನದಲ್ಲಿ ಜಾಯಿನ್ ಆಗಿ’ ಅಂತ ಮಾತ್ರ ದಪ್ಪ ಅಕ್ಷರದಲ್ಲಿದೆ. ನಿಜವಾದ ಆಫರ್‌ನಲ್ಲಿ ಸಂಬಳ, ಕಡಿತ, ಕೆಲಸದ ವಿವರ, ಕೆಲಸದ ಹೊತ್ತು ಇವಿಷ್ಟು ಇರಲೇಬೇಕು. ಇದು ಮದುವೆ ಕರೆಯೋಲೆ ಇದ್ದ ಹಾಗಿದೆ, ಗಂಡಿನ ಹೆಸರೊಂದು ಬಿಟ್ಟು ಎಲ್ಲಾ ಇದೆ.

ದುಡ್ಡು ಹೋದರೆ ಹೋಗಲಿ ಅನ್ನಬೇಡಿ. ಸುಳ್ಳು ಕಾಗದ ಹಚ್ಚಿದ್ದು ಸಿಕ್ಕಿಬಿದ್ದರೆ ಐದು ವರ್ಷ ಕೆನಡಾ ಬಾಗಿಲು ಮುಚ್ಚುತ್ತದೆ. ಏಜೆಂಟ್ ಕೊಟ್ಟಿದ್ದು, ನನಗೆ ಗೊತ್ತಿರಲಿಲ್ಲ ಅಂದರೆ ನಡೆಯುವುದಿಲ್ಲ. ಅರ್ಜಿ ನಿಮ್ಮದು. ಇನ್ನು ಆ ಏಜೆಂಟ್ ನಮ್ಮ ಸರ್ಕಾರದಲ್ಲಿ ನೋಂದಾಯಿಸಿದ್ದಾರಾ ಅಂತ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹುಡುಕಿ ನೋಡಿ. ನೋಂದಾಯಿತ ಏಜೆಂಟ್ ಕೆಲಸಕ್ಕೆ ಕಳಿಸಲು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಮೇಲೆ 18% ಜಿಎಸ್‌ಟಿ, ಅಷ್ಟೇ. ನಾಲ್ಕೂವರೆ ಲಕ್ಷ ಎಲ್ಲಿಂದ ಬಂತು?

ಈಗ ಆ 67ರ ಲೆಕ್ಕ ಹಾಕೋಣ. ನಿಮ್ಮ ವಯಸ್ಸಿಗೆ 12 ಅಂಕ. ನಿಮ್ಮದು ನುರಿತ ಕೆಲಸ ಅಂತ ಅವರು ಒಪ್ಪಿದರೆ, ಆರು ವರ್ಷ ದಾಟಿದ ಅನುಭವಕ್ಕೆ 15. ಇಂಗ್ಲಿಷ್ ನಾಲ್ಕೂ ವಿಭಾಗದಲ್ಲಿ ಸಿಎಲ್‌ಬಿ (ಕೆನಡಾದವರ ಭಾಷಾ ಮಟ್ಟದ ಅಳತೆ) 9 ಬಂದರೆ 24. ಐಇಎಲ್‌ಟಿಎಸ್ ಜನರಲ್‌ನಲ್ಲಿ ಅಂದರೆ ಕೇಳುವುದರಲ್ಲಿ 8, ಉಳಿದ ಮೂರರಲ್ಲಿ 7. ನಿಮ್ಮ ಡಿಪ್ಲೊಮಾವನ್ನು ಇಸಿಎ (ನಮ್ಮ ಓದು ಅಲ್ಲಿಯ ಯಾವ ಓದಿಗೆ ಸಮ ಅಂತ ಹೇಳುವ) ವರದಿ ಅಲ್ಲಿಯ ಎರಡು ವರ್ಷದ ಡಿಪ್ಲೊಮಾಕ್ಕೆ ಸಮ ಅಂದರೂ 19. ಕೂಡಿಸಿ: 70. ಆಫರ್ ಲೆಟರ್ ಇಲ್ಲದೆಯೇ 67 ದಾಟಿದಿರಿ, ಅಲ್ವಾ? ಇದರಿಂದ ಸಾಲಿನಲ್ಲಿ ನಿಲ್ಲಲು ಜಾಗ ಸಿಗುತ್ತದೆ, ಅಷ್ಟೇ. ಕರೆ ಬರುವುದು ಆಮೇಲಿನ ರ‍್ಯಾಂಕಿಂಗ್ ನೋಡಿ. ಅಲ್ಲೂ ಇಂಗ್ಲಿಷಿಗೆ ಜಾಸ್ತಿ ಬೆಲೆ. ಆ ದುಡ್ಡಿನಲ್ಲಿ ಸ್ವಲ್ಪ ಇಂಗ್ಲಿಷ್ ಕ್ಲಾಸಿಗೆ ಹಾಕಿ, ಉಳಿದದ್ದು ಬ್ಯಾಂಕಿನಲ್ಲೇ ಇರಲಿ. ಅಲ್ಲಿ ಹೋಗಿ ಬದುಕಲು ದುಡ್ಡಿದೆ ಅಂತಲೂ ತೋರಿಸಬೇಕಲ್ಲ.

ಪ್ರಶ್ನೆ: ಪಿಆರ್ ಅರ್ಜಿಗೆ ಹಳೇ ಕಂಪನಿಯ ಆಫರ್ ಲೆಟರ್ ಮತ್ತು ರಿಲೀವಿಂಗ್ ಲೆಟರ್ ಸಾಕಲ್ಲವೇ? ಕೆಲಸದ ವಿವರ ಬರೆದು ಕೊಡುವುದು ನಮ್ಮ ಪಾಲಿಸಿ ಅಲ್ಲ ಅಂತ ಎಚ್‌ಆರ್ ಹೇಳುತ್ತಾರೆ.
— ಓದುಗಿ, ಚಿತ್ರದುರ್ಗ

ಉತ್ತರ: ಸಾಲದು ತಾಯಿ. ಈ ತಪ್ಪು ನಮ್ಮ ಮನೆಯಲ್ಲೇ ಆಗಿದೆ. ನನ್ನ ಮಗಳು ಬೆಂಗಳೂರಿನ ಕಂಪನಿಯಿಂದ ತಂದ ಪತ್ರದಲ್ಲಿ ಎರಡೇ ಸಾಲು: ಇಂಥ ದಿನದಿಂದ ಇಂಥ ದಿನದವರೆಗೆ ಇದ್ದರು, ನಡತೆ ಚೆನ್ನಾಗಿತ್ತು. ನೋಡಿದ ನಾನೇ ‘ಚೆನ್ನಾಗಿದೆ, ಹಚ್ಚಮ್ಮ’ ಅಂದೆ. ನಾನೂ ಜೀವಮಾನವಿಡೀ ಹಾಗೇ ಬರೆದವನಲ್ಲವೇ! ಅರ್ಜಿ ಅಪೂರ್ಣ ಅಂತ ವಾಪಸ್ ಬಂತು. ಅವಳು ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆಫರ್ ಲೆಟರ್ ಹೇಳುವುದು ಮುಂದೆ ಏನು ಕೊಡುತ್ತೇವೆ ಅಂತ. ಕೆನಡಾದವರಿಗೆ ಬೇಕಿರುವುದು ನೀವು ಈಗಾಗಲೇ ಏನು ಮಾಡಿದ್ದೀರಿ ಅನ್ನುವುದು. ಕಂಪನಿಯ ಲೆಟರ್‌ಹೆಡ್, ವಿಳಾಸ, ಫೋನ್, ಇಮೇಲ್, ಜವಾಬ್ದಾರಿ ಇರುವವರ ಸಹಿ ಬೇಕು. ನೀವು ಮಾಡಿದ ಪ್ರತಿ ಹುದ್ದೆಯ ಹೆಸರು, ತಾರೀಕು, ಕೆಲಸದ ವಿವರ, ವಾರದ ಗಂಟೆ, ವರ್ಷದ ಸಂಬಳ, ಇತರ ಸೌಲಭ್ಯ ಬೇಕು. ವಿವರ ಬರೆಸುವಾಗ ಕೆನಡಾದ ಎನ್‌ಒಸಿ ಎಂಬ ಉದ್ಯೋಗಗಳ ಪಟ್ಟಿಯ ಸಾಲುಗಳನ್ನು ಹಾಗೇ ಭಟ್ಟಿ ಇಳಿಸಬೇಡಿ. ಓದುವ ಅಧಿಕಾರಿ ಆ ಸಾಲುಗಳನ್ನು ದಿನಾ ನೋಡುತ್ತಾನೆ. ನಿಮ್ಮ ಟೇಬಲ್ ಮೇಲೆ ನಿಜವಾಗಿ ನಡೆದ ಕೆಲಸ ಬರೆಸಿ.

ಎಚ್‌ಆರ್ ಜಪ್ಪಯ್ಯ ಅಂದರೂ ಒಪ್ಪದಿದ್ದರೆ, ನಿಮ್ಮ ಹಳೇ ಮೇಲಧಿಕಾರಿಯಿಂದ ವಿವರದ ಪತ್ರ ಬರೆಸಿಕೊಳ್ಳಿ. ಜೊತೆಗೆ ಪೇ ಸ್ಲಿಪ್, ಫಾರ್ಮ್ 16, ಪಿಎಫ್ ಪಾಸ್‌ಬುಕ್ ಇಡಿ. ಕಂಪನಿ ಯಾಕೆ ಕೊಡಲಿಲ್ಲ ಅಂತ ನೀವೇ ಒಂದು ಪುಟ ಬರೆಯಿರಿ, ಕೇಳಿದ ಇಮೇಲ್, ಅವರ ನಿರಾಕರಣೆ ಎರಡನ್ನೂ ಹಚ್ಚಿ. ಎಚ್‌ಆರ್ ಪತ್ರದಷ್ಟು ಗಟ್ಟಿ ಅಲ್ಲ. ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಇದನ್ನು ಈಗಲೇ ಶುರು ಮಾಡಿ. ಅರ್ಜಿಗೆ ಆಹ್ವಾನ ಬಂದ ಮೇಲೆ ಸಿಗುವುದು 60 ದಿನ, ಅದರಲ್ಲಿ ಪೊಲೀಸ್ ಸರ್ಟಿಫಿಕೇಟ್ ಓಡಾಟವೂ ಇರುತ್ತದೆ.

ಪ್ರಶ್ನೆ: ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಅಕೌಂಟೆಂಟ್ ಆಗಿದ್ದೆ. ಸಾಹುಕಾರರು ಅನುಭವ ಪತ್ರವನ್ನು ಕನ್ನಡದಲ್ಲಿ ಕೊಟ್ಟಿದ್ದಾರೆ. ತಂಗಿ ಇಂಗ್ಲಿಷ್ ಎಂ.ಎ., ಅವಳಿಂದ ಭಾಷಾಂತರ ಮಾಡಿಸಬಹುದಾ?
— ಓದುಗ, ಚಳ್ಳಕೆರೆ

ಉತ್ತರ: ಇಲ್ಲ. ನೀವು, ನಿಮ್ಮ ಮನೆಯವರು ಯಾರೂ ಮಾಡುವ ಹಾಗಿಲ್ಲ. ಹೊರಗಿನವರು ಮಾಡಿ, ಭಾಷಾಂತರ ಸರಿಯಾಗಿದೆ ಅಂತ ನೋಟರಿ ಮುಂದೆ ಅಫಿಡವಿಟ್ ಕೊಡಬೇಕು. ಅದರ ಜೊತೆ ಕನ್ನಡ ಪತ್ರದ ದೃಢೀಕರಿಸಿದ ನಕಲೂ ಬೇಕು. ಸಾಹುಕಾರರು ಒಪ್ಪಿದರೆ ಇಂಗ್ಲಿಷಿನಲ್ಲೇ ಇನ್ನೊಂದು ಬರೆಸಿಕೊಳ್ಳುವುದು ಸುಲಭ, ಮೇಲಿನ ಉತ್ತರದಲ್ಲಿ ಹೇಳಿದ್ದೆಲ್ಲ ಅದರಲ್ಲಿ ಇರಲಿ. ಕನ್ನಡದ ಮೂಲ ಪತ್ರಕ್ಕೆ ಮಾತ್ರ ಲ್ಯಾಮಿನೇಷನ್ ಮಾಡಿಸಬೇಡಿ. ನಕಲನ್ನು ದೃಢೀಕರಿಸುವಾಗ ನೋಟರಿ ಮೂಲ ಪತ್ರವನ್ನೇ ನೋಡುತ್ತಾರೆ.