ಕ್ಯಾಮೆರಿಕಾ ಕಾರ್ಟ್ರಿಜ್ ಹಾಕಿದರೆ ಎನ್‌ಇಎಸ್ ಪವರ್ ಲೈಟ್ ಮಿಟುಕುವುದು: ಪ್ರತಿಕ್ರಿಯೆ
ಕೆನಡಾದ ಕ್ಯಾಮೆರಿಕಾ ಕಂಪನಿಯ ಆಟದ ಕಾರ್ಟ್ರಿಜ್ ಹಾಕಿದರೆ ನಿಂಟೆಂಡೊದ ಹಳೆಯ ಗೇಮ್ ಕನ್ಸೋಲ್ ಎನ್‌ಇಎಸ್‌ನ ಲೈಟ್ ಮಿಟುಕುತ್ತದೆ, ಏನು ಮಾಡಲಿ ಎಂಬ ಪ್ರಶ್ನೆಗೆ ಇದು ಉತ್ತರ. ಸೆಕೆಂಡಿಗೊಮ್ಮೆ ಲೈಟ್ ಮಿಟುಕಿ ಆಟ ಶುರುವಾಗದಿದ್ದರೆ ಹೆಚ್ಚಾಗಿ ಕನ್ಸೋಲ್‌ನ ಲಾಕ್ ಚಿಪ್ (ಲೈಸೆನ್ಸ್ ಇಲ್ಲದ ಆಟಗಳನ್ನು ತಡೆಯುವ ಚಿಪ್) ಕಾರಣ. ನಿಂಟೆಂಡೊ ಲೈಸೆನ್ಸ್ ಇಲ್ಲದ ಈ ಕಾರ್ಟ್ರಿಜ್‌ನಲ್ಲಿ ಅದಕ್ಕೆ ಜೋಡಿಯಾದ ನಿಂಟೆಂಡೊ ಚಿಪ್ ಇರುವುದಿಲ್ಲ. ಬದಲಿಗೆ ಕಾರ್ಟ್ರಿಜ್ ವೋಲ್ಟೇಜ್ ಪೆಟ್ಟು ಕೊಟ್ಟು ಲಾಕ್ ಚಿಪ್ಪನ್ನು ಕಂಗೆಡಿಸುತ್ತದೆ. ಆಮೇಲೆ ತಯಾರಾದ ಎನ್‌ಇಎಸ್‌ಗಳಲ್ಲಿ ನಿಂಟೆಂಡೊ ಈ ದಾರಿಯನ್ನು ಮುಚ್ಚುತ್ತಾ ಹೋಯಿತು.

ಆದರೆ ಕಾರ್ಟ್ರಿಜ್‌ನ ಪಿನ್ ಕೊಳೆಯಾಗಿದ್ದರೂ ಹೀಗೇ ಆಗಬಹುದು. ಮೊದಲು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಪಿನ್‌ಗಳನ್ನು ಒರೆಸಿ, ಪೂರ್ತಿ ಒಣಗಲು ಬಿಡಿ. ಬಾಯಿಂದ ಊದಲೇಬೇಡಿ, ಆ ತೇವ ಪಿನ್ ಹಾಳುಮಾಡುತ್ತದೆ. ಲೈಸೆನ್ಸ್ ಇರುವ ಆಟ ಸರಿಯಾಗಿ ಓಡಿದರೆ ಕನ್ಸೋಲ್ ಕನೆಕ್ಟರ್ ಚೆನ್ನಾಗಿದೆ ಅಂದುಕೊಳ್ಳಿ. ಈಗ ಪವರ್ ಆಫ್ ಮಾಡಿ, ಕಾರ್ಟ್ರಿಜ್‌ನ ಸಣ್ಣ ಸ್ವಿಚ್ಚನ್ನು ಇನ್ನೊಂದು ಕಡೆಗೆ ತಳ್ಳಿ ನೋಡಿ.

ಆಗಲೂ ಮಿಟುಕಿದರೆ ಲಾಕ್ ಚಿಪ್‌ನ 4ನೇ ಪಿನ್ ಎತ್ತಿ ಗ್ರೌಂಡ್‌ಗೆ ಬೆಸೆಯಬೇಕು. ಬೆಸುಗೆ ಗೊತ್ತಿಲ್ಲದಿದ್ದರೆ ಕೈಹಾಕಬೇಡಿ. ಕಾರ್ಟ್ರಿಜ್ಜನ್ನು ಮೇಲಿನಿಂದ ಹಾಕುವ 1993ರ ಎನ್‌ಇಎಸ್ ಟಾಪ್ ಲೋಡರ್ ಮಾಡೆಲ್‌ನಲ್ಲಿ ಲಾಕ್ ಚಿಪ್ಪೇ ಇಲ್ಲ, ಅದು ಸಿಕ್ಕರೆ ಅದರಲ್ಲಿ ಹಾಕಿ.