ಮನೆಯ ಸಿಂಗಲ್ ಫೇಸಿನಲ್ಲಿ ತ್ರೀ ಫೇಸ್ ಲೇತ್ ನಡೆಸುವ ಬಗ್ಗೆ

ಕೊಂಡ ಹಳೆಯ ಲೇತಿನಲ್ಲಿ 2 ಎಚ್‌ಪಿ ತ್ರೀ ಫೇಸ್ ಮೋಟಾರಿದೆ, ಮನೆಗೆ ಸಿಂಗಲ್ ಫೇಸ್ ಮಾತ್ರ ಇದೆ, ರೋಟರಿ ಫೇಸ್ ಕನ್ವರ್ಟರನ್ನು (ಇನ್ನೊಂದು ಮೋಟಾರನ್ನು ತಿರುಗಿಸಿ ಮೂರನೆಯ ಫೇಸನ್ನು ಹುಟ್ಟಿಸುವ ಸಾಧನ) ನಾನೇ ಕಟ್ಟಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಖಂಡಿತ ಕಟ್ಟಬಹುದು. ನನ್ನ ಶೆಡ್ಡಿನಲ್ಲಿ ಅಂಥದ್ದೊಂದು ಲೇತನ್ನೂ ಡ್ರಿಲ್ಲಿಂಗ್ ಮಷೀನನ್ನೂ ನಡೆಸುತ್ತಿದೆ. ನಮ್ಮ ರೈಲ್ವೆಯ ಡಬ್ಲ್ಯುಎಜಿ-5ರಂತಹ ವಿದ್ಯುತ್ ಎಂಜಿನ್ನುಗಳಲ್ಲಿ ಬ್ಲೋವರುಗಳಿಗೆ ತ್ರೀ ಫೇಸ್ ಒದಗಿಸುತ್ತಿದ್ದ ಆರ್ನೋ ಕನ್ವರ್ಟರಿನ ತತ್ವವೂ ಇದೇ.

ಆದರೆ ಅಮೆರಿಕದ ನಕ್ಷೆಗಳನ್ನು ಹಾಗೆಯೇ ಅನುಸರಿಸಬೇಡಿ. ಅಲ್ಲಿನ ಮನೆಗಳಿಗೆ 240 ವೋಲ್ಟ್ ಬರುತ್ತದೆ, ಸಣ್ಣ ತ್ರೀ ಫೇಸ್ ಮೋಟಾರುಗಳನ್ನು ಸಾಮಾನ್ಯವಾಗಿ ಅದೇ ವೋಲ್ಟೇಜಿಗೆ ಜೋಡಿಸಬಹುದು. ನಮ್ಮಲ್ಲಿ ಮನೆಗೆ 230, ಮೋಟಾರಿಗೆ 415. ಕನ್ವರ್ಟರು ಮೂರನೆಯ ಫೇಸನ್ನು ಹುಟ್ಟಿಸುತ್ತದೆಯೇ ಹೊರತು ವೋಲ್ಟೇಜನ್ನು ಏರಿಸುವುದಿಲ್ಲ. ಹಾಗಾಗಿ ಮೊದಲು ನೇಮ್ ಪ್ಲೇಟನ್ನೂ ಟರ್ಮಿನಲ್ ಬಾಕ್ಸನ್ನೂ ನೋಡಿ. ಮೋಟಾರು 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿದ್ದರೆ, ಅಂದರೆ ಅದರ ಮೂರು ವೈಂಡಿಂಗುಗಳ (ತಂತಿ ಸುರುಳಿಗಳ) ಒಂದೊಂದು ತುದಿ ಒಂದೇ ಗಂಟಿನಲ್ಲಿ ಸೇರಿದ್ದರೆ, ಒಂದೊಂದು ವೈಂಡಿಂಗಿಗೆ ಸಿಗುವುದು ಸುಮಾರು 240 ವೋಲ್ಟ್ ಮಾತ್ರ. ಆದ್ದರಿಂದ ಆರು ತುದಿಗಳೂ ಹೊರಗಿದ್ದರೆ ಅವನ್ನು ಸೇರಿಸುವ ಲೋಹದ ಪಟ್ಟಿಗಳನ್ನು ಬದಲಿಸಿ ಡೆಲ್ಟಾ (ವೈಂಡಿಂಗುಗಳನ್ನು ತ್ರಿಕೋನದಂತೆ ಒಂದಕ್ಕೊಂದು ಸೇರಿಸುವ ಜೋಡಣೆ) ಮಾಡಿದಾಗ ಅದೇ ಮೋಟಾರು 230 ವೋಲ್ಟಿನಲ್ಲಿ ಹೆಚ್ಚುಕಡಿಮೆ ಪೂರ್ಣ ಶಕ್ತಿಯಿಂದ ಓಡುತ್ತದೆ. ಮೂರೇ ತುದಿಗಳಿದ್ದರೆ ರಿವೈಂಡಿಂಗ್ ಅಂಗಡಿಯಲ್ಲಿ ಒಳಗಿನ ಸ್ಟಾರ್ ಗಂಟನ್ನು ಬಿಚ್ಚಿಸಿ ಉಳಿದ ಮೂರನ್ನು ಹೊರತೆಗೆಸಿ. 415ಕ್ಕೇ ಡೆಲ್ಟಾ ಆಗಿರುವ ಮೋಟಾರಾದರೆ ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ.

ಕನ್ವರ್ಟರಾಗಿ ತಿರುಗುವ ಮೋಟಾರು ಲೇತಿನದಕ್ಕಿಂತ ದೊಡ್ಡದಿರಬೇಕು. ನಾನು 3 ಎಚ್‌ಪಿಯದನ್ನು ಡೆಲ್ಟಾ ಮಾಡಿ ಬಳಸಿದ್ದೇನೆ. ಎರಡೇ ತಂತಿ ಕೊಟ್ಟರೆ ಅದು ಗುಂಯ್ಗುಡುತ್ತದೆ, ತಿರುಗುವುದಿಲ್ಲ. ಮೂರನೆಯ ತುದಿಗೂ ಒಂದು ಲೈನಿಗೂ ನಡುವೆ 200 ಮೈಕ್ರೋಫ್ಯಾರಡಿನ ಸ್ಟಾರ್ಟ್ ಕಂಡೆನ್ಸರನ್ನು ಪುಶ್ ಬಟನ್ನಿನ ಮೂಲಕ ಕೊಟ್ಟಿದ್ದೇನೆ. ವೇಗ ಹಿಡಿದ ಕೂಡಲೇ ಬಟನ್ ಬಿಡಬೇಕು, ಹೆಚ್ಚು ಹೊತ್ತು ಒತ್ತಿ ಹಿಡಿದರೆ ಆ ಕಂಡೆನ್ಸರು ಸಿಡಿಯಬಹುದು. ಆಮೇಲೆ 440 ವೋಲ್ಟ್ ಎಸಿಯ ರನ್ ಕಂಡೆನ್ಸರುಗಳನ್ನು (ಮೋಟಾರು ಓಡುವಷ್ಟು ಹೊತ್ತೂ ಜೋಡಿಯೇ ಇರುವಂಥವು) ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ, ಲೇತ್ ಕಬ್ಬಿಣ ಕೊರೆಯುತ್ತಿರುವಾಗಲೇ ಮೂರೂ ಜೋಡಿ ತಂತಿಗಳ ನಡುವಿನ ವೋಲ್ಟೇಜನ್ನು ಅಳೆಯಿರಿ. ಖಾಲಿ ಓಡುವಾಗಿನ ಅಳತೆಯನ್ನು ನಂಬಿ ಕೂರಿಸಿದರೆ ಲೋಡ್ ಬಂದಾಗ ಸಮತೋಲ ತಪ್ಪುತ್ತದೆ.

ಕಾಂಟ್ಯಾಕ್ಟರಿನ (ಕಾಯಿಲಿಗೆ ವಿದ್ಯುತ್ ಕೊಟ್ಟಾಗ ಮೋಟಾರನ್ನು ಲೈನಿಗೆ ಸೇರಿಸುವ ಸ್ವಿಚ್ಚಿನ) ಕಾಯಿಲನ್ನು ನಾನು ಮೊದಲು ಕನ್ವರ್ಟರು ಹುಟ್ಟಿಸಿದ ಮೂರನೆಯ ಫೇಸಿಗೆ ಜೋಡಿಸಿದ್ದೆ, ಲೋಡ್ ಬಂದಾಗಲೆಲ್ಲ ಅದು ಪಟಪಟನೆ ಬಡಿದುಕೊಳ್ಳುತ್ತಿತ್ತು; ಲೈನ್ ಮತ್ತು ನ್ಯೂಟ್ರಲ್ ನಡುವೆ ಹಾಕಿದ ಮೇಲೆ ಸರಿಹೋಯಿತು. ಇಲ್ಲಿ ನ್ಯೂಟ್ರಲ್ಲೇ ಮೂರರಲ್ಲೊಂದು ತಂತಿಯಾಗುವುದರಿಂದ ಅದನ್ನು ಎಂದಿಗೂ ಮಷೀನಿನ ಮೈಗೆ ಸೇರಿಸಬೇಡಿ. ಮೈಗೆ ಪ್ರತ್ಯೇಕ ಅರ್ಥಿಂಗ್ ತಂತಿಯೇ ಬೇಕು. ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಚಾರ್ಜ್ ಉಳಿದಿರುತ್ತದೆ, ಪ್ರತಿಯೊಂದಕ್ಕೂ ಅದನ್ನು ಇಳಿಸುವ ರೆಸಿಸ್ಟರ್ ಹಾಕಿ. ಮೋಟಾರು ಎದ್ದೇಳುವಾಗ ಕ್ಷಣಮಾತ್ರ 50 ಆಂಪಿಯರಿನ ಆಸುಪಾಸು ಎಳೆಯುವುದರಿಂದ ಮನೆಯ ವೈರಿಂಗನ್ನೂ ಮಂಜೂರಾದ ಲೋಡನ್ನೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದ ಮೊದಲೇ ಪರೀಕ್ಷಿಸಿಕೊಳ್ಳಿ.

ಮುಂದೆ ಬೇರೆ ಮಷೀನು ತರುವ ಯೋಚನೆ ಇಲ್ಲದಿದ್ದರೆ, 230 ವೋಲ್ಟ್ ಸಿಂಗಲ್ ಫೇಸ್ ಒಳಗೆ ತೆಗೆದುಕೊಂಡು 230 ವೋಲ್ಟ್ ತ್ರೀ ಫೇಸ್ ಕೊಡುವ ಎಲೆಕ್ಟ್ರಾನಿಕ್ ಸಾಧನವಾದ ವಿಎಫ್‌ಡಿಯನ್ನೇ (ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್) ಕೊಳ್ಳಿ ಎಂದು ಹೇಳುತ್ತೇನೆ. ಅದರಲ್ಲಿ ವೇಗವನ್ನೂ ಹೊಂದಿಸಬಹುದು. ಆದರೆ ಲೇತಿನ ಮೋಟಾರನ್ನು ಡೆಲ್ಟಾಗೆ ಬದಲಿಸುವ ಕೆಲಸ ಅದಕ್ಕೂ ತಪ್ಪುವುದಿಲ್ಲ.